ಬಾಗಿಲಿಗೆ ಸಮನ್ಸ್ ಕೊಟ್ಟವರಿಗೆ

ಸಿವಿಲ್ ದಾವೆಗಳ ನಡಾವಳಿ ನಿಯಮಗಳನ್ನು ಬರೆಯುವ, ತಿದ್ದುವ ಮತ್ತು ಬರೆದ ಮೇಲೆ ಮರೆತುಬಿಡುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಅಕ್ಕ ಮಹಡಿಯ ಮೇಲಿದ್ದಾಳೆ. ಅವಳ ಮನೆಗೆ ಮೆಟ್ಟಿಲಿಲ್ಲ. ಇತ್ತು. ನಲವತ್ತೊಂದು ದಿನಗಳ ಹಿಂದೆ, ನಿಮ್ಮ ನಿಯಮಗಳ ಪ್ರಕಾರವೇ, ಪೊಲೀಸ್ ಬಂದೋಬಸ್ತಿನಲ್ಲಿ ಅದನ್ನು ಒಡೆದು ಹಾಕಲಾಯಿತು. ಒಡೆಯುವ ಮುನ್ನ ಅವಳ ಮಾತನ್ನು ಯಾರೂ ಕೇಳಲಿಲ್ಲ. ಕೇಳಬೇಕಾಗಿದ್ದ ನ್ಯಾಯಾಲಯವು "ಪ್ರತಿವಾದಿಗೆ ಸಮನ್ಸ್ ಜಾರಿಯಾಗಿದೆ, ಆದರೂ ಹಾಜರಾಗಿಲ್ಲ" ಎಂದು ಬರೆದು, ಎದುರು ಕಡೆಯವರು ಕೇಳಿದ್ದನ್ನೆಲ್ಲ ಕೊಟ್ಟು ಕೈತೊಳೆದುಕೊಂಡಿತು. ಸಮನ್ಸ್ ಜಾರಿಯಾದದ್ದು ನಿಜ. ಜಾರಿಯಾದದ್ದು ಅವಳಿಗಲ್ಲ, ಅವಳ ಮನೆಯ ಬಾಗಿಲಿಗೆ. ಮತ್ತು ಆ ದಿನ ಬಾಗಿಲು ಮನೆಯಲ್ಲಿರಲಿಲ್ಲ, ಅರ್ಧ ಮೈಲಿ ದೂರದ ನನ್ನ ಅಂಗಡಿಯಲ್ಲಿ ಗೋಡೆಗೆ ಒರಗಿ ಒಣಗುತ್ತಿತ್ತು.

ಇದನ್ನು ಪತ್ರಿಕೆಯಲ್ಲಿ ಬರೆಯಬೇಕಾಗಿ ಬಂದದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಮೂರು ತಿಂಗಳ ಹಿಂದೆ ತಮ್ಮ ಸಮಿತಿಯು "ನಿಯಮಗಳ ಪರಿಷ್ಕರಣೆಗೆ ಸಾರ್ವಜನಿಕರಿಂದ ಸಲಹೆಗಳನ್ನು ಆಹ್ವಾನಿಸಲಾಗಿದೆ" ಎಂದು ಪ್ರಕಟಣೆ ಕೊಟ್ಟಿತ್ತು. ಆಹ್ವಾನ ಎಂಬ ಪದ ನೋಡಿ ನಾನು ಬೆಪ್ಪನಂತೆ ನಂಬಿದೆ. ಆಗಿನ್ನೂ ಮೆಟ್ಟಿಲಿತ್ತು. ನಡೆದದ್ದನ್ನೆಲ್ಲ ನಾಲ್ಕು ಹಾಳೆಯಲ್ಲಿ ಬರೆದು ಕಳಿಸಿದೆ. ಹನ್ನೆರಡನೇ ದಿನ ನಾಲ್ಕೂ ಹಾಳೆ ವಾಪಸ್ ಬಂದವು, ಜೊತೆಗೊಂದು ಚೀಟಿ: ಸಲಹೆಯು ನಿಗದಿತ ನಮೂನೆಯಲ್ಲಿಲ್ಲ, ಎಡ ಅಂಚು ಸಾಕಷ್ಟು ಬಿಟ್ಟಿಲ್ಲ, ಮೂರು ಪ್ರತಿಗಳನ್ನು ಲಗತ್ತಿಸಿಲ್ಲ, ಈ ವಿಷಯದಲ್ಲಿ ತಮಗಿರುವ ಹಿತಾಸಕ್ತಿ ಏನೆಂದು ಸಲಹೆದಾರರು ವಿವರಿಸಿಲ್ಲ. ಸ್ವಾಮಿ, ಈಗ ವಿವರಿಸುತ್ತೇನೆ. ನನಗಿರುವ ಹಿತಾಸಕ್ತಿ ಎಂದರೆ ನನ್ನ ಒಡಹುಟ್ಟಿದವಳು. ಅಂಚು ಎಷ್ಟು ಬಿಡಬೇಕೆಂಬುದನ್ನು ಪತ್ರಿಕೆಯವರು ನೋಡಿಕೊಳ್ಳುತ್ತಾರೆ. ಪ್ರತಿಗಳು ಮೂರಕ್ಕಿಂತ ಹೆಚ್ಚೇ ಇರುತ್ತವೆ.

ನಾನು ಬಡಗಿ. ಬಾಗಿಲು, ಕಿಟಕಿ, ಚೌಕಟ್ಟು ನನ್ನ ಕಸುಬು. ಅಕ್ಕನಿಗೆ ಅರವತ್ತಾರು. ಮದುವೆಯಾಗಲಿಲ್ಲ, ಯಾಕೆಂದು ಕೇಳಿದವರಿಗೆ "ಪುರುಸೊತ್ತಾಗ್ಲಿಲ್ಲ" ಅನ್ನುತ್ತಾಳೆ. ನಲವತ್ತು ವರ್ಷಗಳಿಂದ ಅವಳು ಅಚ್ಚುಕೂಟಗಳಿಗೆ ಕರಡು ತಿದ್ದಿಕೊಡುತ್ತಿದ್ದಾಳೆ. ಶಾಲೆಯ ಪಠ್ಯ, ಮದುವೆಯ ಕರೆಯೋಲೆ, ಸಹಕಾರ ಸಂಘದ ವಾರ್ಷಿಕ ವರದಿ, ಏನು ಕೊಟ್ಟರೂ ಕೆಂಪು ಪೆನ್ನು ಹಿಡಿದು ಕೂರುತ್ತಾಳೆ. ಔಷಧಿ ಡಬ್ಬಿಯೊಳಗೆ ಹದಿನಾರು ಮಡಿಕೆ ಮಾಡಿ ಇಟ್ಟಿರುತ್ತಾರಲ್ಲ, ಆ ಚೀಟಿಯನ್ನೂ ಪೂರ್ತಿ ಓದದೆ ಎಸೆದವಳಲ್ಲ. ನಿಮ್ಮ ಸಮನ್ಸನ್ನು ಮೊದಲ ಅಕ್ಷರದಿಂದ ಕೊನೆಯ ಮೊಹರಿನವರೆಗೆ ಓದಬಲ್ಲವರು ಈ ಇಡೀ ಊರಿನಲ್ಲಿ ಒಬ್ಬರಿದ್ದರೆ ಅದು ಅವಳು. ಅವಳೊಬ್ಬಳಿಗೇ ಅದು ಸಿಗಲಿಲ್ಲ.

ಅವಳದು ಮೇಲ್ಮನೆ. ಮೆಟ್ಟಿಲು ಹೊರಗೋಡೆಗೆ ಅಂಟಿಕೊಂಡು, ಕೆಳಮನೆಗೆ ಸೇರಿದ ನಾಲ್ಕಡಿ ಅಗಲದ ಜಾಗದ ಮೇಲೆ ಏರಿಹೋಗುತ್ತಿತ್ತು. ಒಟ್ಟು ಹತ್ತೊಂಬತ್ತು ಮೆಟ್ಟಿಲು. ಅವಳು ಮನೆ ಕೊಂಡಾಗ ಕೆಳಮನೆಯಲ್ಲಿದ್ದವರು ಒಬ್ಬ ನಿವೃತ್ತ ಭೂಗೋಳದ ಮೇಷ್ಟ್ರು. ಎಲ್ಲವೂ ನಕ್ಷೆಯಲ್ಲಿರಬೇಕು ಎನ್ನುವ ಜಾತಿಯವರು. ಮೆಟ್ಟಿಲಿನ ಹಕ್ಕು ಮೇಲ್ಮನೆಗೆ ಶಾಶ್ವತ ಎಂದು ಎರಡು ಪುಟ ಬರೆದು, ಮೂರನೇ ಪುಟದಲ್ಲಿ ಮೆಟ್ಟಿಲಿನ ನಕ್ಷೆಯನ್ನು ದಿಕ್ಕು ಸಮೇತ ಬಿಡಿಸಿ, ಸಹಿ ಹಾಕಿ, ನೋಂದಣಿ ಮಾಡಿಸಿ ಕೊಟ್ಟರು. ಆ ಕಾಗದ ಅಕ್ಕನ ಕಬ್ಬಿಣದ ಪೆಟ್ಟಿಗೆಯಲ್ಲಿ ಈಗಲೂ ಇದೆ. ಮೇಷ್ಟ್ರು ತೀರಿಕೊಂಡ ಮೇಲೆ ಅವರ ಮಕ್ಕಳಿಂದ ಕೆಳಮನೆ ಕೊಂಡವರು ಕನ್ನಡಕದ ಅಂಗಡಿಯವರು. ಅವರಿಗೆ ಅಂಗಡಿಯ ಮುಂಭಾಗ ಅಗಲ ಮಾಡಬೇಕಿತ್ತು, ಮೆಟ್ಟಿಲು ಅಡ್ಡ ಬಂತು. "ಪ್ರತಿವಾದಿಯು ಯಾವ ಹಕ್ಕೂ ಇಲ್ಲದೆ ನಮ್ಮ ಜಾಗವನ್ನು ಬಳಸುತ್ತಿದ್ದಾರೆ" ಎಂದು ದಾವೆ ಹಾಕಿದರು. ಆ ಮೂರು ಪುಟ ಓದಲು ಹತ್ತು ನಿಮಿಷ ಸಾಕು. ಇಡೀ ಪ್ರಕರಣದ ಉದ್ದಕ್ಕೂ, ಇಂದಿನವರೆಗೂ, ಒಬ್ಬ ನ್ಯಾಯಾಧೀಶರೂ ಅದನ್ನು ಕೈಯಲ್ಲಿ ಹಿಡಿದು ನೋಡಿಲ್ಲ.

ಈಗ ಬಾಗಿಲಿನ ಕಥೆಗೆ ಬರುತ್ತೇನೆ. ಅಕ್ಕನ ಮುಂಬಾಗಿಲು ತಳದಲ್ಲಿ ತೇವ ಕುಡಿದು ಊದಿಕೊಂಡು, ಹಾಕಿದರೆ ತೆಗೆಯಲಾಗದ, ತೆಗೆದರೆ ಹಾಕಲಾಗದ ಸ್ಥಿತಿಗೆ ಬಂದಿತ್ತು. ಒಂದು ಸೋಮವಾರ ಕೀಲು ಬಿಚ್ಚಿ ಅದನ್ನು ಅಂಗಡಿಗೆ ತಂದೆ. ಅಷ್ಟು ದಿನಕ್ಕೆಂದು ಅಲ್ಲೊಂದು ಪ್ಲೈವುಡ್ ಹಲಗೆ ನಿಲ್ಲಿಸಿ ಕೊಂಡಿ ಹಾಕಿದೆ. ಮನೆ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಬಾಗಿಲಿಗೇ ಬಡಿದಿತ್ತು, ಅದೂ ಬಾಗಿಲ ಜೊತೆ ಬಂತು. ಬುಧವಾರ ಮಧ್ಯಾಹ್ನ ನ್ಯಾಯಾಲಯದ ಅಮೀನರು, ಅಂದರೆ ಸಮನ್ಸ್ ತಲುಪಿಸುವ ನೌಕರರು, ಅಕ್ಕನ ಮನೆಗೆ ಹೋದರು. ಅಕ್ಕ ತಿದ್ದಿದ ಕರಡು ಕೊಡಲು ಅಚ್ಚುಕೂಟಕ್ಕೆ ಹೋಗಿದ್ದಳು. ಅವರು ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ಬಂದರು. ನಿಮ್ಮ ನಿಯಮ ಎರಡು ಸಲ ಹೋಗಬೇಕೆನ್ನುತ್ತದೆ. ಎರಡು ಸಲದ ನಡುವೆ ಒಂದು ದಿನವೋ ಒಂದು ಕೆಮ್ಮೋ ಎಂಬುದನ್ನು ಹೇಳುವುದಿಲ್ಲ. ಎರಡು ಸಲವೂ ಸಿಗದಿದ್ದರೆ "ಪ್ರತಿವಾದಿ ವಾಸಿಸುವ ಮನೆಯ ಹೊರಬಾಗಿಲಿಗೆ ಅಂಟಿಸತಕ್ಕದ್ದು" ಎನ್ನುತ್ತದೆ. ಹೊರಬಾಗಿಲು ಇರಬೇಕಾದಲ್ಲಿ ನಂಬರಿಲ್ಲದ ಪ್ಲೈವುಡ್ಡು. ಅಮೀನರು ಕೆಳಗಿಳಿದು ವಿಚಾರಿಸಿದರು. ಕೆಳಗಿದ್ದವರು ಯಾರು? ದಾವೆ ಹಾಕಿದವರೇ! "ಬಾಗ್ಲಾ? ಅವರ ತಮ್ಮನ ಅಂಗಡೀಲಿದೆ" ಎಂದು ದಾರಿಯನ್ನೂ ಹೇಳಿಕೊಟ್ಟರಂತೆ.

ನಾನು ಊಟಕ್ಕೆ ಹೋಗಿದ್ದೆ. ಅಂಗಡಿಯಲ್ಲಿದ್ದವನು ಪಾಲಿಶ್ ಮಾಡುವ ನನ್ನ ಜೊತೆಗಾರ, ನನಗಿಂತ ಎರಡು ವರ್ಷ ದೊಡ್ಡವನು, ಯಾರ ಜೊತೆಗೂ ಜಗಳಕ್ಕೆ ಹೋಗದವನು. ಅವರಿಬ್ಬರ ಮಾತುಕತೆಯನ್ನು ಆಮೇಲೆ ಅವನ ಬಾಯಿಂದ ಹತ್ತು ಸಲ ಹೇಳಿಸಿಕೊಂಡಿದ್ದೇನೆ.

"ಇದು ಆ ಮೇಲ್ಮನೆ ಬಾಗ್ಲೇನ್ರೀ?"

"ಹೌದು. ನಂಬರ್ ಕಾಣ್ತಿಲ್ವಾ?"

"ಕಾಣ್ತಿದೆ. ಇದಕ್ಕೊಂದು ಕಾಗದ ಅಂಟಿಸ್ಬೇಕು."

"ಅಂಟಿಸ್ಕೊಳ್ಳಿ. ಇನ್ನೂ ಪಾಲಿಶ್ ಆಗಿಲ್ಲ, ಏನೂ ತೊಂದ್ರೆ ಇಲ್ಲ."

"ನಾನು ಅಂಟಿಸಿದ್ದನ್ನ ನೀವು ನೋಡಿದ್ರಿ ಅಂತ ಇಲ್ಲೊಂದು ಸಹಿ ಹಾಕಿ."

"ನೋಡಿದ್ನಲ್ಲ, ಅದಕ್ಕೇನಂತೆ, ಹಾಕೋಣ."

ಹಾಕಿದ. ಪ್ಲೈವುಡ್ ಲಾರಿ ಬಂದಾಗಲೂ ಹೀಗೇ ಸಹಿ ಹಾಕುವವನು ಅವನು, ಕಾಗದದಲ್ಲಿ ಏನಿದೆ ಎಂದು ಒಂದು ದಿನವೂ ಓದಿದವನಲ್ಲ. ನಾನು ಊಟ ಮುಗಿಸಿ ಬಂದಾಗ ಹೇಳಬೇಕೆಂದು ಅವನಿಗೆ ಅನ್ನಿಸಲೂ ಇಲ್ಲ. ಅಮೀನರ ವರದಿ ನನ್ನ ಮುಂದಿದೆ. "ಸದರಿ ಮನೆ ಸಂಖ್ಯೆಯುಳ್ಳ ಹೊರಬಾಗಿಲನ್ನು ಪತ್ತೆ ಹಚ್ಚಿ, ಸಾಕ್ಷಿಯ ಸಮಕ್ಷಮ ಸಮನ್ಸ್ ಅಂಟಿಸಲಾಗಿದೆ." ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬಾಗಿಲನ್ನು ಪತ್ತೆ ಹಚ್ಚಬೇಕಾಗಿ ಬಂದದ್ದೇಕೆ ಎಂದು ಓದಿದವರಿಗೆ ಒಂದು ಅನುಮಾನವಾದರೂ ಬರಬೇಡವೇ? ಮನೆ ಸಿಕ್ಕ ಮೇಲೆ ಅದರ ಬಾಗಿಲನ್ನು ಪ್ರತ್ಯೇಕ ಹುಡುಕುವುದು ಎಲ್ಲಾದರೂ ಉಂಟೇ? ಯಾರಿಗೂ ಅನುಮಾನ ಬರಲಿಲ್ಲ. ಬಾಗಿಲು ಎಂದು ನಿಯಮದಲ್ಲಿದೆ, ಬಾಗಿಲು ಎಂದು ವರದಿಯಲ್ಲಿದೆ, ಟಿಕ್ ಹಾಕಿ ಮುಂದಿನ ಕಡತಕ್ಕೆ ಕೈ ಹಾಕಿದರು.

ಆ ಅಮೀನರ ಮೇಲೆ ನನಗೆ ಕೋಪವಿಲ್ಲ. ಒಂದು ದಿನ ನ್ಯಾಯಾಲಯದ ಕ್ಯಾಂಟೀನಿನಲ್ಲಿ ಎದುರೇ ಸಿಕ್ಕರು. ನಾನು ಯಾರೆಂದು ಹೇಳಿದ ಕೂಡಲೇ ಲೋಟ ಕೆಳಗಿಟ್ಟರು. "ನಾನೇನ್ ಮಾಡ್ಲಿ ಹೇಳಿ? ಹಲಗೆಗೆ ಅಂಟಿಸಿದ್ರೆ 'ಬಾಗಿಲಿಗೆ ಅಂಟಿಸಿಲ್ಲ' ಅಂತ ವಾಪಸ್ ಬರುತ್ತೆ. ಹಿಂದೊಂದ್ಸಲ ಗೇಟಿಗೆ ಅಂಟಿಸಿದ್ದೆ, ನನಗೇ ಮೆಮೊ ಕೊಟ್ರು. ದಿನಕ್ಕೆ ಮೂವತ್ತು ಸಮನ್ಸು, ಇರೋದು ಒಂದು ಸೈಕಲ್ಲು. ನಿಮ್ಮಕ್ಕನ್ನ ಕಾಯ್ತಾ ಕೂತ್ಕೊಳ್ಳೋಕಾಗುತ್ತಾ?" ಎಂದರು. ಆಗುವುದಿಲ್ಲ. ನಾನೂ ಒಪ್ಪುತ್ತೇನೆ. ನಿಯಮವನ್ನು ಮುರಿದವರು ಯಾರೂ ಇಲ್ಲ ಎನ್ನುವುದೇ, ಅಧ್ಯಕ್ಷರೇ, ನನ್ನ ದೂರು.

ಇನ್ನು ನನ್ನ ತಪ್ಪು. ಇದನ್ನು ಬರೆಯದೆ ಬಿಟ್ಟರೆ ಈ ಪತ್ರಕ್ಕೆ ಮರ್ಯಾದೆಯಿಲ್ಲ. ರಿಪೇರಿಗೆ ಬರುವ ಬಾಗಿಲುಗಳ ಮೇಲೆ ಏನೇನು ಅಂಟಿರುತ್ತದೆ ಎಂಬುದು ನಿಮಗೆ ಗೊತ್ತಿರಲಾರದು. ನೀರು ನಿಲ್ಲಿಸುವ ನೋಟಿಸು, ಕೊರಿಯರಿನವರ ಚೀಟಿ, ಗಣಿತ ಹೇಳಿಕೊಡುವವರ ಜಾಹೀರಾತು, ಮಕ್ಕಳ ಚಿತ್ರಗಳು. ಕೆಲಸ ಶುರು ಮಾಡುವ ಮೊದಲು ಒದ್ದೆ ಬಟ್ಟೆ ಹೊದಿಸಿ, ಕಾಲು ಗಂಟೆ ಬಿಟ್ಟು, ತಗಡಿನಿಂದ ಎಲ್ಲವನ್ನೂ ಕೆರೆದು ಹಾಕುವುದು ನಮ್ಮ ಪದ್ಧತಿ. ಯಾವುದನ್ನೂ ಓದುವುದಿಲ್ಲ. ಓದುತ್ತ ಕೂತರೆ ಬಾಗಿಲು ಯಾರು ಮಾಡಬೇಕು? ಅಂದು ಮಧ್ಯಾಹ್ನ ಅಕ್ಕನ ಬಾಗಿಲನ್ನೂ ಹಾಗೆಯೇ ಕೆರೆದೆ. ಒಂದು ಕಾಗದ ಮಾತ್ರ, ಅಂಟು ಹಸಿಯಾಗಿದ್ದುದರಿಂದ, ಹರಿಯದೆ ಇಡಿಯಾಗಿ ಬಂತು. ಹಿಂಬದಿ ಖಾಲಿ. ಹಿಂಬದಿ ಖಾಲಿಯಿರುವ ಕಾಗದವನ್ನು ಯಾವ ಬಡಗಿಯೂ ಎಸೆಯುವುದಿಲ್ಲ, ಅಳತೆ ಬರೆದುಕೊಳ್ಳಲು ಬೇಕಾಗುತ್ತದೆ. ಒಣಗಿಸಿ, ಆ ಬಾಗಿಲಿನದೇ ಅಳತೆಯನ್ನು ಪೆನ್ಸಿಲಿನಲ್ಲಿ ಅದರ ಮೇಲೆ ಬರೆದು, ಗೋಡೆಯ ಮೊಳೆಗೆ ಸಿಕ್ಕಿಸಿದೆ. ನಿಮ್ಮ ಘನ ನ್ಯಾಯಾಲಯದ ಸಮನ್ಸು ಏಳು ತಿಂಗಳು ಆ ಮೊಳೆಯಲ್ಲಿ, ಮುಖ ಗೋಡೆಗೆ ಮಾಡಿಕೊಂಡು ನೇತಾಡಿತು.

ಆ ಏಳು ತಿಂಗಳಲ್ಲಿ ದಾವೆ ಕರೆದರು, ಪ್ರತಿವಾದಿ ಇಲ್ಲ ಎಂದರು, ಡಿಕ್ರಿ ಕೊಟ್ಟರು. ಅರವತ್ತು ದಿನಗಳಲ್ಲಿ ಮೆಟ್ಟಿಲು ತೆಗೆಯಬೇಕು, ಆ ಜಾಗದಲ್ಲಿ ಪ್ರತಿವಾದಿ ಏನನ್ನೂ ನಿಲ್ಲಿಸಬಾರದು. ಅಕ್ಕನಿಗೆ ಇದೆಲ್ಲ ಗೊತ್ತಾದದ್ದು ಇಬ್ಬರು ಕೆಲಸಗಾರರು ಟೇಪು ಹಿಡಿದು ಮೆಟ್ಟಿಲು ಅಳೆಯಲು ಬಂದ ದಿನ. "ಇದೇನ್ರಪ್ಪಾ ಅಳೀತಿದೀರಾ?" ಎಂದಳಂತೆ. "ಒಡಿಯೋದಕ್ಕೆ ಎಷ್ಟು ದಿನ ಬೇಕು ಅಂತ ನೋಡ್ತಿದೀವಿ ಅಮ್ಮಾ" ಎಂದರಂತೆ. ಅವಳು ನೇರ ನ್ಯಾಯಾಲಯಕ್ಕೆ ಹೋಗಿ ಕಡತ ನೋಡಿ, ಅಲ್ಲಿಂದ ನನ್ನ ಅಂಗಡಿಗೆ ಬಂದಳು. "ನಿನ್ನ ಅಂಗಡೀಲಿ ಅಂಟಿಸಿದಾರಂತೆ" ಎಂದಳು. ನಾನು ಜೊತೆಗಾರನ ಮುಖ ನೋಡಿದೆ. ಅವನು ಮೊಳೆಯ ಕಡೆ ನೋಡಿದ. ಅಷ್ಟೂ ಚೀಟಿಗಳನ್ನು ಒಂದೊಂದಾಗಿ ತಿರುವಿ ಹಾಕಿದೆ. ಒಂಬತ್ತನೆಯದರ ಮುಂಬದಿಯಲ್ಲಿ ಅಕ್ಕನ ಹೆಸರಿತ್ತು. ಅವಳು ಅದನ್ನು ನಿಂತಲ್ಲೇ ಪೂರ್ತಿ ಓದಿದಳು. ಓದಿ ಮುಗಿಸಿ, ತಿರುಗಿಸಿ, ಹಿಂದಿನ ಅಳತೆಯನ್ನೂ ಓದಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಅಲ್ಲಿಂದ ಮುಂದಿನದು ತಮ್ಮ ನಿಯಮಗಳ ಮೆರವಣಿಗೆ. ಏಕಪಕ್ಷೀಯ ಡಿಕ್ರಿ ರದ್ದು ಮಾಡಿ ಎಂದು ಅರ್ಜಿ ಹಾಕಲು ಮೂವತ್ತು ದಿನ. ಅದು ಆಗಲೇ ದಾಟಿತ್ತು, ಆದ್ದರಿಂದ ತಡವಾದದ್ದನ್ನು ಮನ್ನಿಸಿ ಎಂದು ಇನ್ನೊಂದು ಅರ್ಜಿ. ಆ ಅರ್ಜಿಗೊಂದು ಪ್ರಮಾಣಪತ್ರ. ಮೊದಲ ಸಲ ಹಾಕಿದಾಗ ಕಾಗದದ ಎರಡೂ ಬದಿ ಬರೆದಿದ್ದೀರಿ ಎಂದು ವಾಪಸ್ಸು. ಎರಡನೇ ಸಲ ಹೊಲಿಗೆ ಮೇಲಿನ ಮೂಲೆಗೆ ಹಾಕಿಲ್ಲ ಎಂದು ವಾಪಸ್ಸು. ಮೂರನೇ ಸಲ ಎಲ್ಲ ಸರಿಯಿತ್ತು, ಕೌಂಟರಿನವರು ಅವತ್ತು ಮೂರೂವರೆಗೇ ಕಿಟಕಿ ಮುಚ್ಚಿದ್ದರು. ಬಾಗಿಲಿನ ಮೇಲೆ ಅಂಟಿನ ಗುರುತು ಈಗಲೂ ಇದೆ, ಹೊತ್ತು ತಂದು ತೋರಿಸಲೇ ಎಂದು ಕೇಳಿದೆ. "ದಾಖಲೆ ಅಂದ್ರೆ ಲಕೋಟೇಲಿ ಹಿಡಿಸ್ಬೇಕು" ಎಂದರು. ಒಂದು ಬಾಗಿಲಿಗೆ ಸಮನ್ಸ್ ಕೊಡಬಹುದು, ಅದೇ ಬಾಗಿಲಿಗೆ ಸಾಕ್ಷಿ ಹೇಳಲು ಅವಕಾಶವಿಲ್ಲ. ಅಚ್ಚುಕಟ್ಟಾದ ವ್ಯವಸ್ಥೆ, ಒಪ್ಪಬೇಕಾದದ್ದೇ.

ವಿಚಾರಣೆಯ ದಿನ ನಮ್ಮ ವಕೀಲರು ನನ್ನನ್ನು ಪಕ್ಕಕ್ಕೆ ಕರೆದರು. "ಆ ಮೊಳೆ ವಿಷ್ಯ ಬಿಟ್ಬಿಡಿ. ಅಂಟಿಸಿದ್ದು ಗೊತ್ತೇ ಇಲ್ಲ ಅನ್ನಿ ಸಾಕು." ಪ್ರಮಾಣ ಮಾಡಿ ನಿಂತವನಿಗೆ ಅದು ಹೇಗೆ ಸಾಧ್ಯ? ನಡೆದದ್ದನ್ನು ಇದ್ದದ್ದು ಇದ್ದಹಾಗೆ ಹೇಳಿದೆ, ಕಾಗದವನ್ನೂ ಕೊಟ್ಟೆ. ತಪ್ಪು ಹೇಗಾಯಿತು ಎಂದು ತಿಳಿದರೆ ಸರಿಪಡಿಸುತ್ತಾರೆ ಎನ್ನುವುದು ನನ್ನ ಎಣಿಕೆ. ನಮ್ಮ ಕಸುಬಿನಲ್ಲಿ ಹಾಗೇ. ಅಳತೆ ಎಲ್ಲಿ ತಪ್ಪಿತೆಂದು ಒಪ್ಪಿಕೊಂಡವನ ಬಾಗಿಲು ಮಾತ್ರ ಕೂರುತ್ತದೆ. ನ್ಯಾಯಾಧೀಶರು ತುಂಬ ಸೌಮ್ಯವಾಗಿಯೇ ಕೇಳಿದರು.

"ಈ ಸಮನ್ಸ್ ನಿಮ್ಮ ಹತ್ರ ಎಷ್ಟು ದಿನ ಇತ್ತು?"

"ಏಳು ತಿಂಗಳು ಸ್ವಾಮಿ. ಆದ್ರೆ ನಾನು ಅದನ್ನ..."

"ಪ್ರತಿವಾದಿ ನಿಮಗೇನಾಗ್ಬೇಕು?"

"ಅಕ್ಕ."

ಅಷ್ಟೇ. ಅವರು ಬೆರಳಚ್ಚುಗಾರರ ಕಡೆ ತಿರುಗಿದರು. "ಸಮನ್ಸು ಪ್ರತಿವಾದಿಯ ವಯಸ್ಕ ಸಂಬಂಧಿಯ ಸ್ವಾಧೀನದಲ್ಲಿತ್ತೆಂದು ಅವರೇ ಒಪ್ಪಿದ್ದಾರೆ. ಬಾಗಿಲಿಗೆ ಅಂಟಿಸಿದ್ದು ಸರಿಯೋ ಅಲ್ಲವೋ ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ಅರ್ಜಿ ವಜಾ." ನಾನು ಹೇಳಿದ ಒಂದೇ ಒಂದು ನಿಜ ಅವಳ ಕುತ್ತಿಗೆಗೆ ಬಂತು. ಸುಳ್ಳು ಹೇಳಿದ್ದರೆ ಗೆಲ್ಲುತ್ತಿದ್ದೆವೋ ಏನೋ. ಅಧ್ಯಕ್ಷರೇ, ನಿಮ್ಮ ನಿಯಮಗಳು ನಾಗರಿಕರಿಗೆ ಏನು ಕಲಿಸುತ್ತಿವೆ ಎಂದು ಸಮಿತಿಯಲ್ಲಿ ಎಂದಾದರೂ ಚರ್ಚೆಗೆ ಬಂದಿದೆಯೇ? ಹೊರಗೆ ಬಂದು ಪಡಸಾಲೆಯ ಬೆಂಚಿನ ಮೇಲೆ ತಲೆತಗ್ಗಿಸಿ ಕೂತೆ. ಅಕ್ಕ ಬಂದು ಪಕ್ಕದಲ್ಲಿ ಕೂತಳು. ಆಮೇಲೆ, "ನೀನು ನಿಜ ಹೇಳಿದ್ದಕ್ಕೆ ನಂಗೆ ಬೇಜಾರಿಲ್ಲ ಕಣೋ. ಇನ್ಮೇಲೆ ಕಾಗದದ ಎರಡೂ ಕಡೆ ನೋಡು, ಅಷ್ಟೇ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮೇಲಿನ ನ್ಯಾಯಾಲಯಕ್ಕೆ ಹೋದೆವು. ತೀರ್ಮಾನ ಆಗುವವರೆಗೆ ಮೆಟ್ಟಿಲು ಮುಟ್ಟಬೇಡಿ ಎಂದು ತಡೆ ಕೇಳಿದೆವು. ತಡೆಯ ಅರ್ಜಿಗೆ ಪುಟಸಂಖ್ಯೆಯನ್ನು ಮೇಲೆ ಹಾಕಬೇಕಿತ್ತಂತೆ, ನಮ್ಮ ವಕೀಲರ ಗುಮಾಸ್ತರು ಕೆಳಗೆ ಹಾಕಿದ್ದರು. ತಿದ್ದಿ ಕೊಟ್ಟ ಮೇಲೆ ಪರಿಶೀಲನೆಗೆ ಮೂರು ದಿನ. ಎರಡನೆಯ ದಿನ ಬೆಳಗ್ಗೆ ಕೆಳಗೆ ಪೊಲೀಸ್ ವ್ಯಾನು ಬಂತು. "ಹೊರಗೆ ಬರೋದಕ್ಕೆ ಹತ್ತು ನಿಮಿಷ ಟೈಮ್ ಕೊಡ್ತೀವಿ" ಎಂದು ಕೂಗಿದರು. ಅಕ್ಕ ಕಿಟಕಿಯ ಪಕ್ಕದ ಮೇಜಿನಿಂದ ಏಳಲೇ ಇಲ್ಲ. "ನಿಮ್ಮ ಕೆಲ್ಸ ನೀವು ಮಾಡಿ, ನನ್ನ ಕೆಲ್ಸ ನಾನು ಮಾಡ್ತೀನಿ" ಎಂದು ಕೆಂಪು ಪೆನ್ನು ತೆಗೆದುಕೊಂಡಳು. ಮಧ್ಯಾಹ್ನದೊಳಗೆ ಹತ್ತೊಂಬತ್ತೂ ಮೆಟ್ಟಿಲು ಜಲ್ಲಿಯಾಗಿ ಟ್ರಾಕ್ಟರು ಸೇರಿದವು. ನಾನು ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಿದೆ, ಹಲ್ಲು ಕಚ್ಚಿಕೊಂಡು ನೋಡಿದೆ, ಅತ್ತೂಬಿಟ್ಟೆ. ನನ್ನ ಪಕ್ಕದಲ್ಲಿದ್ದ ಪೇದೆ "ತೀರ್ಪು ಬಂದ್ಮೇಲೆ ಇನ್ನೇನಿದೆ ಯಜಮಾನ್ರೇ" ಎಂದು ಸಮಾಧಾನ ಹೇಳಿದ.

"ಅವಳು ನಿನ್ನ ಮನೆಗೇ ಬಂದು ಇರಬಹುದಲ್ಲ" ಎಂದು ಕೇಳುವಿರಿ. ನನ್ನ ಹೆಂಡತಿ ಕೋಣೆ ಸಿದ್ಧ ಮಾಡಿ ದಿನಾ ಕರೆಯುತ್ತಿದ್ದಾಳೆ. ಆದರೆ ಮನೆ ಖಾಲಿ ಬಿಟ್ಟರೆ "ಪ್ರತಿವಾದಿ ಅಲ್ಲಿ ವಾಸವೇ ಇಲ್ಲ, ಮೆಟ್ಟಿಲು ಯಾರಿಗೆ ಬೇಕು" ಎಂದು ಎದುರು ವಕೀಲರು ಶುರು ಮಾಡುತ್ತಾರೆ ಎಂಬುದು ನಮ್ಮ ವಕೀಲರ ಎಚ್ಚರಿಕೆ. ಹಾಗಾಗಿ ಅವಳು ಮೇಲೇ ಇದ್ದಾಳೆ. ಊಟ, ಮಾತ್ರೆ, ಅಚ್ಚುಕೂಟದ ಕರಡು ಎಲ್ಲವೂ ಹಗ್ಗಕ್ಕೆ ಕಟ್ಟಿದ ಬುಟ್ಟಿಯಲ್ಲಿ ಹೋಗುತ್ತವೆ, ಬರುತ್ತವೆ. ನಾನೊಂದು ಏಣಿ ಮಾಡಿದೆ. ಅವಳ ಬಲ ಮೊಣಕಾಲು ಸರಿಯಾಗಿ ಮಡಚುವುದಿಲ್ಲವೆಂದು ಮೆಟ್ಟುಗಳನ್ನು ಹತ್ತಿರ ಹತ್ತಿರ, ಅಂಗೈಯಗಲ ಮಾಡಿ ಇಪ್ಪತ್ಮೂರು ಕೂರಿಸಿದೆ. ಅದನ್ನು ಅಲ್ಲೇ ಬಿಡುವಂತಿಲ್ಲ, ಡಿಕ್ರಿಯ ಪ್ರಕಾರ "ಏನನ್ನೂ ನಿಲ್ಲಿಸಬಾರದು" ತಾನೇ? ಬೇಕಾದಾಗ ಅಂಗಡಿಯಿಂದ ಹೆಗಲ ಮೇಲೆ ಹೊತ್ತು ತರುತ್ತೇನೆ, ಮುಗಿದ ಕೂಡಲೇ ಹೊತ್ತೊಯ್ಯುತ್ತೇನೆ. ಕನ್ನಡಕದ ಅಂಗಡಿಯವರು ಗಾಜಿನ ಹಿಂದೆ ನಿಂತು ಕೈಗಡಿಯಾರ ನೋಡುತ್ತಿರುತ್ತಾರೆ.

ಮೆಟ್ಟಿಲು ಹೋದ ಇಪ್ಪತ್ತನೇ ದಿನಕ್ಕೆ ಮೇಲಿನ ನ್ಯಾಯಾಲಯ ಕಣ್ಣು ತೆರೆಯಿತು. ಅರ್ಧ ಕಣ್ಣು. ಅಕ್ಕನಿಗೆ ಸಮನ್ಸಿನ ವಿಷಯ ಖುದ್ದಾಗಿ ಗೊತ್ತಿತ್ತೇ ಎಂಬುದನ್ನು ಅವಳನ್ನೇ ಕರೆಸಿ ಕೇಳಿ, ಅವಳು ಸ್ವತಃ ಹಾಜರಾಗಲಿ, ಬಾರದಿದ್ದರೆ ಅರ್ಜಿ ವಜಾ ಎಂದು ಕೆಳಗಿನ ನ್ಯಾಯಾಲಯಕ್ಕೆ ಆದೇಶ ಮಾಡಿತು. ವಿಡಿಯೋದಲ್ಲಿ ಹೇಳಿಕೆ ಕೊಡಬಹುದೇ ಎಂದು ವಿಚಾರಿಸಿದೆವು. ಕೊಡಬಹುದಂತೆ. ಆ ಕೋರಿಕೆಗೆ ಮಾತ್ರ ಪಕ್ಷಗಾರರು ಖುದ್ದಾಗಿ ಬಂದು, ಅಧಿಕಾರಿಯ ಎದುರು ಸಹಿ ಹಾಕಬೇಕಂತೆ. ಈ ನಿಯಮವನ್ನು ಬರೆದವರನ್ನು ಒಮ್ಮೆ ನೋಡುವ ಆಸೆ ನನಗೆ.

ಹನ್ನೆರಡು ದಿನಗಳ ಹಿಂದೆ ಮೊದಲ ದಿನಾಂಕ. ಎಂಟು ಗಂಟೆಗೇ ಏಣಿ ನಿಲ್ಲಿಸಿದೆ. ನಾನು ಎರಡು ಮೆಟ್ಟು ಕೆಳಗೆ, ಜೊತೆಗಾರ ಬುಡ ಹಿಡಿದು, ಅಕ್ಕ ಗೋಡೆಗೆ ಮುಖ ಮಾಡಿ ಒಂದೊಂದೇ ಮೆಟ್ಟು ಇಳಿದಳು. ಮೊಣಕಾಲಿನ ಮೇಲೆ ಭಾರ ಬಿದ್ದಾಗಲೆಲ್ಲ ಉಸಿರು ಬಿಗಿ ಹಿಡಿಯುತ್ತಿದ್ದಳು. ನಲವತ್ತು ನಿಮಿಷ ಹಿಡಿಯಿತು. ನ್ಯಾಯಾಲಯ ತಲುಪಿದರೆ ಕೋಣೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು: "ನ್ಯಾಯಾಧೀಶರು ಪ್ರಕರಣಗಳ ತ್ವರಿತ ವಿಲೇವಾರಿ ಕುರಿತ ತರಬೇತಿಗೆ ತೆರಳಿರುವುದರಿಂದ ಇಂದಿನ ಎಲ್ಲ ಪ್ರಕರಣಗಳನ್ನು ಮುಂದೂಡಲಾಗಿದೆ." ಅಕ್ಕ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. "ಇದನ್ನಾದ್ರೂ ಸರಿಯಾದ ಬಾಗಿಲಿಗೆ ಅಂಟಿಸಿದಾರೆ" ಎಂದಳು. ಸುತ್ತ ನಿಂತಿದ್ದ ನಾಲ್ಕಾರು ಜನ ನಕ್ಕರು, ಅವಳೂ ನಕ್ಕಳು. ಆ ತರಬೇತಿಯ ದಿನಾಂಕ ತಿಂಗಳ ಮೊದಲೇ ಗೊತ್ತಾಗಿತ್ತೆಂದು ಗುಮಾಸ್ತರು ಆಮೇಲೆ ಹೇಳಿದರು. ಹಾಗಿದ್ದರೆ ನಮಗೊಂದು ಮಾತು ತಿಳಿಸಬಹುದಿತ್ತಲ್ಲ ಎಂದೆ. "ತಿಳಿಸ್ಬೇಕು ಅಂತ ರೂಲ್ಸಿನಲ್ಲಿಲ್ಲ" ಎಂದರು.

ವಾಪಸ್ ಬಂದು ಏಣಿ ಹತ್ತುವಾಗ ಹನ್ನೊಂದನೇ ಮೆಟ್ಟಿನಲ್ಲಿ ಅವಳು ನಿಂತುಬಿಟ್ಟಳು. ಕೆಳಗೂ ಇಲ್ಲ, ಮೇಲೂ ಇಲ್ಲ. ಕಾಲು ನಡುಗುವುದು ಏಣಿಯ ಮೂಲಕ ನನ್ನ ಕೈಗೆ ಗೊತ್ತಾಗುತ್ತಿತ್ತು. "ಸ್ವಲ್ಪ ತಾಳೋ" ಎಂದಳು. ಹತ್ತು ನಿಮಿಷ ಹಾಗೇ ನಿಂತಿದ್ದಳು. ನನ್ನ ಅಕ್ಕ ಅತ್ತದ್ದನ್ನು ನಾನು ಅಪ್ಪ ಹೋದಾಗ ಒಮ್ಮೆ ನೋಡಿದ್ದೆ, ಅದು ಬಿಟ್ಟರೆ ಅವತ್ತು. ಮರುದಿನ ವೈದ್ಯರನ್ನು ಅದೇ ಏಣಿಯಲ್ಲಿ ಮೇಲೆ ಹತ್ತಿಸಿದೆ. ಅವರು ಕಾಲು ಮುಟ್ಟಿ ನೋಡಿ, ಇನ್ನೊಮ್ಮೆ ಇಳಿಯಬಹುದೇನೋ, ಹತ್ತುವುದು ಮಾತ್ರ ಬೇಡವೇ ಬೇಡ ಎಂದರು.

ಈಗ ನಾನು ಕೇಳುವುದನ್ನು ಕೇಳಿಬಿಡುತ್ತೇನೆ. ನಿಯಮ ತಿದ್ದುತ್ತೀರಾದರೆ ತಿದ್ದಿ: ಸಮನ್ಸನ್ನು ಮನುಷ್ಯರ ಕೈಗೆ ಕೊಡಿ, ಸಿಗದಿದ್ದರೆ ಇನ್ನೊಂದು ದಿನ ಹೋಗಿ, ಪಕ್ಕದ ಮನೆಯಲ್ಲಿ ವಿಚಾರಿಸಿ, ಫೋನು ಮಾಡಿ. ವಾದಿಯ ಬಾಯಿಂದ ಪ್ರತಿವಾದಿಯ ವಿಳಾಸ ಕೇಳಬೇಡಿ. ಒಬ್ಬರ ಮನೆಯ ದಾರಿಯನ್ನೇ ಕಡಿಯುವ ಆದೇಶವಾದರೆ, ಕಡಿಯುವ ಮುನ್ನ ಅವರ ಮುಖ ಒಂದು ಸಲ ನೋಡಿ. ಪುಟಸಂಖ್ಯೆ ಕೆಳಗಿದೆಯೋ ಮೇಲಿದೆಯೋ ಎಂದು ನೋಡುವಷ್ಟು ಶ್ರದ್ಧೆಯನ್ನು ಆ ಪುಟದಲ್ಲಿ ಏನಿದೆ ಎಂದು ನೋಡುವುದಕ್ಕೂ ತೋರಿಸಿ. ಇದೆಲ್ಲ ನಿಮ್ಮ ಸಮಿತಿಯಲ್ಲಿ ಚರ್ಚೆಯಾಗಿ, ಉಪಸಮಿತಿಗೆ ಹೋಗಿ, ಕರಡಾಗಿ ಬರುವ ಹೊತ್ತಿಗೆ ನಾವಿರುತ್ತೇವೋ ಇಲ್ಲವೋ. ಆ ಕರಡನ್ನು ತಿದ್ದಲು ಬೇಕಾದರೆ ಅಕ್ಕನಿಗೇ ಕಳಿಸಿ, ನಿಮ್ಮ ಡಿಕ್ರಿಯಲ್ಲಿ ಅವಳು ಹನ್ನೊಂದು ತಪ್ಪು ಗುರುತು ಹಾಕಿಟ್ಟಿದ್ದಾಳೆ.

ಸದ್ಯಕ್ಕೆ ನನಗೆ ಬೇಕಾದದ್ದು ಒಂದೇ. ಬರುವ ಗುರುವಾರ ಹನ್ನೊಂದು ಗಂಟೆಗೆ ಅವಳ ಹೆಸರು ಕೂಗುತ್ತಾರೆ. ಅವತ್ತು ನ್ಯಾಯಾಧೀಶರು ಕುರ್ಚಿಯಲ್ಲಿರಲಿ. ಅವರು ಇರುವುದಿಲ್ಲವೆಂದಾದರೆ ಬೆಳಗ್ಗೆ ಎಂಟರೊಳಗೆ ನಮಗೆ ಹೇಳಿಕಳಿಸಿ. ಮೇಷ್ಟ್ರು ಬರೆದುಕೊಟ್ಟ ಮೂರು ಪುಟ ಓದಲಿ, ಅವಳನ್ನು ಕೇಳಬೇಕಾದದ್ದನ್ನು ಕೇಳಲಿ. ಆಮೇಲೆ ಬೇಕಾದರೆ ಸೋಲಿಸಲಿ, ಸೋತರೆ ಸೋತೆ ಎಂದು ಅವಳು ಎದ್ದು ಬರುತ್ತಾಳೆ. ಇನ್ನೊಂದು ದಿನಾಂಕ ಮಾತ್ರ ಕೊಡಬೇಡಿ. ನಿನ್ನೆ ಬುಟ್ಟಿ ಏರಿಸುವಾಗ ಅವಳು ಕಿಟಕಿಯಿಂದ ಹೇಳಿದಳು, ಎರಡು ಜೊತೆ ಬಟ್ಟೆ, ಮೇಷ್ಟ್ರ ಕಾಗದ, ಮನೆಯ ಬೀಗ ಚೀಲಕ್ಕೆ ಹಾಕಿಟ್ಟಿದ್ದಾಳಂತೆ. ಗುರುವಾರ ಇಳಿದವಳು ಮತ್ತೆ ಹತ್ತಲಾರಳು. ಅವತ್ತು ನೀವು ಮುಂದೂಡಿದರೆ, ಅವಳ ಮಾತು ಕೇಳದೆಯೇ ಅವಳ ಮನೆಯನ್ನು ಖಾಲಿ ಮಾಡಿಸಿದಂತಾಯಿತು. ಅದಕ್ಕೂ ನಿಮ್ಮಲ್ಲಿ ಒಂದು ನಿಯಮ ಇರಲೇಬೇಕು.

ಇಂತಿ,
ಗುರುವಾರ ಬೆಳಗ್ಗೆ ಎಂಟಕ್ಕೆ ಏಣಿ ಹಿಡಿದು ನಿಂತಿರುವ,
ಪ್ರತಿವಾದಿಯ ತಮ್ಮ